ಲಂಟಾನ ಕಿತ್ತ ಜಾಗಕ್ಕೆ ಕವಳಿ, ಕಾರೆ

ಚಿಕ್ಕಬಳ್ಳಾಪುರದ ಬದುಗಳಲ್ಲಿ ಲಂಟಾನ ಎಂಬ ಕಳೆಪೊದೆ ತಾನಾಗಿಯೇ ಬೇಲಿಯಾಗಿ ನಿಂತಿದೆ. ದನ ಮೇಯ್ದರೆ ಈಲಿ (ಲಿವರ್) ಕೆಡುತ್ತದೆ, ಅದರ ಬುಡದಲ್ಲಿ ಬೇರೆ ಗಿಡ ಏಳುವುದು ಕಷ್ಟ. ತೆಗೆಯಬೇಕಾದ್ದೇ. ಆದರೆ ವರ್ಷದ ಬಹುಪಾಲು ಪಿಕಳಾರ (ಬುಲ್‌ಬುಲ್) ಹಕ್ಕಿಗೆ ಹಣ್ಣು ಕೊಡುವುದೂ ಅದೇ ಪೊದೆ. ಜೆಸಿಬಿ ತಂದು ಒಂದೇ ದಿನ ಬಳಿದುಹಾಕಿದರೆ ಹಕ್ಕಿಗೆ ಊಟವೂ ಇಲ್ಲ, ಗೂಡಿಗೆ ಮರೆಯೂ ಇಲ್ಲ. 100 ಅಡಿ ಬೇಲಿಯಿದ್ದರೆ ಮೊದಲ ವರ್ಷ 30 ಅಡಿ ಕಿತ್ತರೆ ಸಾಕು.

ಹೆಚ್ಚಿನವರು ಎಡವುವುದು ಕೀಳುವಲ್ಲಿ. ಮಚ್ಚಿನಿಂದ ಸವರಿದರೆ ಬುಡ ಮತ್ತಷ್ಟು ಚಿಗುರುತ್ತದೆ. ಮುಂಗಾರಿನ ಮೊದಲ ಮಳೆಗೆ ಮಣ್ಣು ಸಡಿಲವಾದಾಗ, ಕಾಯಿ ಹಣ್ಣಾಗುವ ಮೊದಲು, ತಾಯಿಬೇರನ್ನು ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ಕತ್ತರಿಸಿ; ಚಿಗುರುವ ಗಂಟು ಅದಕ್ಕಿಂತ ಮೇಲಿರುತ್ತದೆ. ಪೊದೆಯನ್ನು ಬೇರು ಮೇಲಾಗಿ ಬಂಡೆಯ ಮೇಲೆ ಒಣಗಿಸಿ. ಹಸಿ ಕಡ್ಡಿ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ.

ಕಿತ್ತ ಜಾಗದಲ್ಲಿ ಹೊಸ ಬೇಲಿ ನೆಡಲು ಒಂದು ಅಡಿ ಗುಂಡಿ, ಎರಡು ಸಾಲು, ಸಾಲುಗಳ ನಡುವೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಎರಡಡಿ, ಎದುರುಬದುರಲ್ಲದೆ ಓರೆಯಾಗಿ: 30 ಅಡಿಗೆ ಸುಮಾರು 30 ಸಸಿ. ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಹುಬ್ಬೆ ಮಳೆಗೆ (ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ) ನೆಟ್ಟರೆ ನೀರು ಹೊರುವ ಕೆಲಸ ಕಡಿಮೆ.

ಹೊರಸಾಲಿಗೆ ಕವಳಿ ಮತ್ತು ಕಾರೆ. ಮುಳ್ಳು ಗಟ್ಟಿ, ಪೊದೆ ದಟ್ಟ, ಬೆಕ್ಕು ನುಗ್ಗದು. ಕವಳಿ ಬೇಸಿಗೆಯ ಕೊನೆಗೆ ಹಣ್ಣಾಗುತ್ತದೆ, ಅಲ್ಲಲ್ಲಿ ಒಂದು ಸೂರಿಮುಳ್ಳಿನ ಪೊದೆ ಇದ್ದರೆ ಚಳಿಗಾಲಕ್ಕೂ ಹಣ್ಣು. ಕವಳಿ ಬೀಜವನ್ನು ಡಬ್ಬಿಯಲ್ಲಿಟ್ಟು ಮರುವರ್ಷ ಬಿತ್ತಿದರೆ ಬಾರದು. ಹಣ್ಣು ತಿಂದು ತೊಳೆದ ವಾರದೊಳಗೆ ಪಾತಿಗೆ ಹಾಕಿ. ಒಳಸಾಲಿಗೆ ಬಂದರಿಕೆ ಮತ್ತು ಲಕ್ಕಿ ಗಿಡ. ಬಂದರಿಕೆ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಬಿತ್ತಬೇಕು; ಲಕ್ಕಿಗೆ ಕಡ್ಡಿ ಊರಿದರೂ ಸಾಕು. ಇವೆರಡರಲ್ಲೂ ಹಕ್ಕಿಗೆ ಹಣ್ಣಿಲ್ಲ, ನಿಜ. ಆದರೆ ಆಡು ಮುಟ್ಟುವುದಿಲ್ಲ, ಬೇಗ ಎತ್ತರಕ್ಕೆ ಹೋಗುತ್ತವೆ. ನಿಧಾನದ ಕವಳಿಗೆ ಅಷ್ಟು ದಿನ ಮರೆ ಬೇಕು.

ಎಳೆ ಕವಳಿಯನ್ನು ಆಡುಗಳಿಂದ ಕಾಯಲು ಒಣಗಿದ ಲಂಟಾನವನ್ನೇ ಸುತ್ತ ಹೊದಿಸಿ. ಸಸಿ ಎರಡಡಿ ಆದಾಗ ಒಂದಡಿಗೆ ಚಿವುಟಿದರೆ ಬುಡದಿಂದಲೇ ಕವಲೊಡೆಯುತ್ತದೆ. ಬಿಟ್ಟರೆ ಮೇಲೆ ಪೊದೆ, ಕೆಳಗೆ ಕಿಂಡಿ.

ಮುಂದಿನ ತಂಟೆ ಹಕ್ಕಿಗಳಿಂದಲೇ. ಪಕ್ಕದ ಬೇಲಿಯಲ್ಲಿ ಲಂಟಾನ ತಿಂದ ಪಿಕಳಾರ ನಿಮ್ಮ ಹೊಸ ಬೇಲಿಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ, ಬೀಜ ಅದರಲ್ಲೇ ಇರುತ್ತದೆ. ಪ್ರತಿ ಮಳೆಯ ನಂತರ ಬುಡ ನೋಡಿ, ಗೇಣುದ್ದ ಆಗುವ ಮೊದಲು ಬೇರುಸಹಿತ ಕೀಳಿ. ಎರಡು ಸಾಲೂ ಕೂಡಿಕೊಂಡು ನೆಲಕ್ಕೆ ಬಿಸಿಲು ಬೀಳದಂತಾದ ಮೇಲೆ ಈ ಕೆಲಸ ಕಡಿಮೆಯಾಗುತ್ತದೆ.