ಬ್ಲಾಕ್ ಪಂಚಾಯತ್‌ಗೆ ಕೆಂಪು ಗೆರೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಬ್ಲಾಕ್ ಪಂಚಾಯತ್ ಸಭೆಯ ಸುದ್ದಿ ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕ್‌ಗೆ ಹೋಯಿತು ಅಂತಿಟ್ಟುಕೊಳ್ಳಿ. ‘ಪಂಚಾಯತ್’ ಅಲ್ಲಿ ‘ಪಂಚಾಯಿತಿ’ ಆಗುತ್ತದೆ. ಕರಾವಳಿಯವರಿಗೆ ಓದುವಾಗ ಸ್ವಲ್ಪ ಇರುಸುಮುರುಸಾದರೂ ತಪ್ಪೇನಲ್ಲ. ಆದರೆ ಉತ್ಸಾಹದಲ್ಲಿ ‘ಬ್ಲಾಕ್’ ತೆಗೆದು ‘ತಾಲ್ಲೂಕು’ ಹಾಕಿದರೆ ಸುದ್ದಿಯೇ ಕೆಟ್ಟಿತು. ಕೇರಳದಲ್ಲಿ ಗ್ರಾಮಕ್ಕೂ ಜಿಲ್ಲೆಗೂ ನಡುವಿನ ಹಂತ ಬ್ಲಾಕ್ ಪಂಚಾಯತ್. ತಾಲ್ಲೂಕು ಪಂಚಾಯಿತಿ ಎಂಬುದೊಂದು ಅಲ್ಲಿ ಇಲ್ಲವೇ ಇಲ್ಲ. ಹಿಂದೆ ಉಪಸಂಪಾದಕರು ಮಾಡುತ್ತಿದ್ದ ಇಂಥ ತಿದ್ದುಪಡಿಯನ್ನು ಮಾಡುವ ತಂತ್ರಾಂಶಗಳು ಇಂಗ್ಲಿಷ್ ಸುದ್ದಿಮನೆಗಳಲ್ಲಿ ಎಂದೋ ಬಂದಿವೆ. ಕನ್ನಡಕ್ಕೂ ಅವು ಬರುವ ಹೊತ್ತಿಗೆ ಗಡಿನಾಡಿನವರು ಕೇಳಬೇಕಾದ ಪ್ರಶ್ನೆ: ಯಾವ ಪದವನ್ನು ಹೇಗೆ ಬರೆಯಬೇಕೆಂದು ಯಂತ್ರದ ಕೈಗೆ ಕೊಡುವ ಪಟ್ಟಿಯನ್ನು ಬರೆಯುವವರು ಯಾರು?

ಇಂಥ ಪಟ್ಟಿಗೆ ಮೂಲವಾದ ಶೈಲಿ ಕೈಪಿಡಿ ಹುಟ್ಟಿದ್ದು ಅಚ್ಚುಕೂಟದಲ್ಲಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದ ಹೊರೇಸ್ ಹಾರ್ಟ್ 1893ರಲ್ಲಿ ಮೊಳೆ ಜೋಡಿಸುವವರಿಗೆಂದೇ ನಿಯಮಗಳ ಪುಟ್ಟ ಪುಸ್ತಿಕೆ ಮಾಡಿದರು. ಎರಡು ರೀತಿ ಬರೆಯಬಹುದಾದ ಪದವನ್ನು ನಮ್ಮಲ್ಲಿ ಹೀಗೆ ಮಾತ್ರ ಬರೆಯತಕ್ಕದ್ದು ಎಂಬ ಮನೆಯ ಕಟ್ಟಳೆ ಅದು. ವ್ಯಾಕರಣಕ್ಕಿಂತ ಯಜಮಾನಿಕೆಯೇ ಹೆಚ್ಚು. ಪತ್ರಕರ್ತರು ಇಂದಿಗೂ ಪ್ರಮಾಣವೆಂದು ನಂಬುವ, ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಕೈಪಿಡಿ ಬಂದದ್ದು 1953ರಲ್ಲಿ.

ಯಂತ್ರ ಬಂದದ್ದು ಆಮೇಲೆ. 1970ರ ದಶಕದ ಕೊನೆಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ‘ರೈಟರ್ಸ್ ವರ್ಕ್‌ಬೆಂಚ್’ ಎಂಬ ಸಲಕರಣೆಗಳ ಗುಂಪು ತಯಾರಾಯಿತು. ವಾಕ್ಯ ಎಷ್ಟು ಉದ್ದ, ಯಾವ ಮಾತು ಸವಕಲು ಎಂದು ಅದು ಲೆಕ್ಕ ಹಾಕುತ್ತಿತ್ತು. ಪತ್ರಿಕೆಗೆ ಬೇಕಿದ್ದದ್ದು ಬೇರೆ: ತನ್ನದೇ ಕೈಪಿಡಿಗೆ ಸುದ್ದಿ ಹೊಂದುತ್ತದೆಯೇ ಇಲ್ಲವೇ. ಕಾಲಕ್ರಮೇಣ ಅದೂ ಸಿಕ್ಕಿತು. ಅಸೋಸಿಯೇಟೆಡ್ ಪ್ರೆಸ್ 2011ರಲ್ಲಿ ‘ಇ-ಮೇಲ್’ ಪದದ ನಡುವಿನ ಅಡ್ಡಗೆರೆ ತೆಗೆದುಹಾಕಿತು. ಅಂಥ ತೀರ್ಮಾನ ಎಲ್ಲ ಡೆಸ್ಕ್‌ಗಳಿಗೂ ಮನದಟ್ಟಾಗಲು ತಿಂಗಳುಗಳು ಬೇಕು. ತಂತ್ರಾಂಶದಲ್ಲಾದರೆ ಒಂದು ಸಾಲು ಬದಲಿಸಿದರಾಯಿತು. ಈಗ ‘ವೇಲ್’ನಂಥ ಮುಕ್ತ ತಂತ್ರಾಂಶದಲ್ಲಿ ನಿಯಮಗಳನ್ನು ಸಾದಾ ಪಠ್ಯ ಕಡತದಲ್ಲಿ ಬರೆದಿಡಬಹುದು. ಪ್ರತಿ ನಿಯಮಕ್ಕೂ ಸಲಹೆ, ಎಚ್ಚರಿಕೆ, ದೋಷ ಎಂಬ ಮೂರು ದರ್ಜೆಗಳಲ್ಲಿ ಒಂದನ್ನು ಕೊಡಬಹುದು. ಈ ದರ್ಜೆಯ ವಿಷಯ ನೆನಪಿರಲಿ, ಗಡಿನಾಡಿಗೆ ಅದು ಬೇಕಾಗುತ್ತದೆ.

ಕನ್ನಡ ಹಿಂದುಳಿದದ್ದಕ್ಕೆ ಅಸಡ್ಡೆಯೊಂದೇ ಕಾರಣವಲ್ಲ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಪತ್ರಿಕೆಗಳು ಬಹುಕಾಲ ತಂತಮ್ಮ ಫಾಂಟುಗಳ ಸಂಕೇತದಲ್ಲೇ ಉಳಿದವು. ಒಬ್ಬರ ಕಡತ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬರೀ ಗೀಚು. ಯೂನಿಕೋಡಿಗೆ ಬಂದ ಮೇಲೂ ಕಾಟ ತಪ್ಪಲಿಲ್ಲ. ‘ಕಾಸರ್‌ಗೋಡು’ ಎಂದು ಟೈಪಿಸಿದರೆ ‘ರ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಅದಿಲ್ಲದಿದ್ದರೆ ಅರ್ಕಾವತ್ತು ಮೂಡಿ ‘ಕಾಸರ್ಗೋಡು’ ಆಗುತ್ತದೆ. ‘ಕಾಸರಗೋಡು’ ಸೇರಿ ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಊರು.

ಅದಕ್ಕಿಂತ ದೊಡ್ಡ ತೊಡಕು ವಿಭಕ್ತಿಯದು. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಕಿತ್ತು ಇನ್ನೊಂದನ್ನು ಇಟ್ಟರೆ ಹೆಚ್ಚಿನ ಕಡೆ ಕೆಲಸ ಮುಗಿಯಿತು. ಕಾಸರಗೋಡು ಜಿಲ್ಲೆಯ ಕಾಞಂಗಾಡಿಗೆ ಕನ್ನಡಿಗರ ಹೆಸರು ಹೊಸದುರ್ಗ. ಕನ್ನಡದಲ್ಲಿ ‘ಕಾಞಂಗಾಡಿನಲ್ಲಿ’ ಎಂಬುದರೊಳಗೆ ‘ಹೊಸದುರ್ಗ’ವನ್ನು ಹಾಗೇ ತುರುಕಿದರೆ ‘ಹೊಸದುರ್ಗಿನಲ್ಲಿ’ ಎಂಬ ವಿಚಿತ್ರ ಹುಟ್ಟುತ್ತದೆ. ಪದದ ಬುಡ ಯಾವುದು, ಪ್ರತ್ಯಯ ಯಾವುದು ಎಂದು ಬಿಡಿಸಿ, ಹೊಸ ಬುಡಕ್ಕೆ ಒಪ್ಪುವ ಪ್ರತ್ಯಯ ಜೋಡಿಸಬೇಕು. ಜೊತೆಗೆ ಚಿತ್ರದುರ್ಗ ಜಿಲ್ಲೆಯಲ್ಲೂ ಒಂದು ಹೊಸದುರ್ಗವಿದೆ. ಅಲ್ಲಿನ ಸುದ್ದಿಯನ್ನು ಯಂತ್ರ ಕಾಞಂಗಾಡಿಗೆ ಸಾಗಿಸಬಾರದಲ್ಲ!

ಕರ್ನಾಟಕದ ಒಳಗಾದರೆ ಹೆಸರಿನ ತಕರಾರು ಸರ್ಕಾರಿ ಆದೇಶದಿಂದ ಮುಗಿಯುತ್ತದೆ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು, ಡೆಸ್ಕ್‌ಗಳು ಹಾಗೇ ಬರೆದವು. ಕಾಸರಗೋಡಿನಲ್ಲಿ ಸರ್ಕಾರಿ ಹೆಸರು ಎಂದರೇ ಜಗಳ. 1956ರಲ್ಲಿ ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿದ ತಾಲೂಕು ಇದು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಬರಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಒಂದೇ ಊರು ಕನ್ನಡಿಗರ ಬಾಯಲ್ಲಿ ಬೇಡಡ್ಕ, ಮಲಯಾಳದಲ್ಲಿ ಬೇಡಗಂ; ನೆಲ್ಲಿಕುಂಜ ಅಲ್ಲಿ ನೆಲ್ಲಿಕುನ್ನ್. 2021ರಲ್ಲಿ ಕನ್ನಡದ ಊರ ಹೆಸರುಗಳನ್ನು ಕೇರಳ ಬದಲಿಸುತ್ತಿದೆ ಎಂಬ ಗದ್ದಲ ಎದ್ದಾಗ, ಅಂಥ ಪ್ರಸ್ತಾವವೇ ಇಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂತು. ಆದೇಶ ಹೊರಡಲಿ ಬಿಡಲಿ, ಪತ್ರಿಕೆಯಲ್ಲಿ ದಿನವೂ ಅಚ್ಚಾಗುವ ಹೆಸರೇ ನಿಧಾನವಾಗಿ ಅಧಿಕೃತವಾಗಿಬಿಡುತ್ತದೆ. ಅದಕ್ಕೇ ಈ ಪಟ್ಟಿಯನ್ನು ತಂತ್ರಾಂಶ ಬರೆಯುವವರಿಗಷ್ಟೇ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

ಮಾಡಬೇಕಾದ ಕೆಲಸ ಅಂಥ ಬೆಟ್ಟವೇನಲ್ಲ. ಇಡೀ ಕನ್ನಡಕ್ಕೆ ಒಂದು ಸಾಮಾನ್ಯ ಕಡತ, ಅದರ ಮೇಲೆ ಕಾಸರಗೋಡಿನದೊಂದು ಕಡತ; ಎರಡೂ ಒಂದಕ್ಕೊಂದು ಹೊಂದದಿದ್ದಾಗ ಊರಿನ ಕಡತದ ಮಾತೇ ನಡೆಯಬೇಕು. ‘ಬ್ಲಾಕ್ ಪಂಚಾಯತ್’ ಬದಲಿಸಿದರೆ ಅದು ‘ದೋಷ’. ‘ಪಂಚಾಯತ್’, ‘ಪಂಚಾಯಿತಿ’ಗಳ ಆಯ್ಕೆ ಬರೀ ‘ಸಲಹೆ’. ‘ಹೊಸದುರ್ಗ’ ಬಂದಲ್ಲಿ ತಾನೇ ತಿದ್ದದೆ, ಯಾವ ಜಿಲ್ಲೆ ಎಂದು ಕೇಳುವ ‘ಎಚ್ಚರಿಕೆ’. ಶುರುಮಾಡಲು ಜಿಲ್ಲೆಯ 38 ಗ್ರಾಮ ಪಂಚಾಯತ್‌ಗಳು, ಆರು ಬ್ಲಾಕ್ ಪಂಚಾಯತ್‌ಗಳು, ಮೂರು ನಗರಸಭೆಗಳ ಹೆಸರು ಸಾಕು. ಎದುರಿಗೆ ಮಲಯಾಳದ ರೂಪವನ್ನೂ ಬರೆದಿಟ್ಟರೆ ತಿರುವನಂತಪುರದಿಂದ ಬರುವ ಪ್ರಕಟಣೆಗಳನ್ನು ಕನ್ನಡಕ್ಕೆ ತರುವಾಗ ಪರದಾಡಬೇಕಿಲ್ಲ.