ಕಟ್ಟು ಬದಲಿಸುವ ಮುಂಚೆ ಚಿತ್ರದ ಹಿಂಬದಿ ನೋಡಿ

ಚಿಕ್ಕಮಗಳೂರಿನ ಹಳೆಯ ಮನೆಗಳಲ್ಲಿ, ತೋಟದ ಬಂಗಲೆಗಳಲ್ಲಿ ಗೋಡೆಯ ಹಳೆಯ ಚಿತ್ರಗಳ ಮೂಲ ಪರಿಶೀಲಿಸಲು ಹೋದಾಗ ಹೆಚ್ಚಾಗಿ ಕೇಳುವ ಮಾತು, "ಅಜ್ಜನ ಕಾಲದಿಂದ ಇದೆ." ಜಮೀನಾದರೆ ಇಷ್ಟಕ್ಕೇ ಒಪ್ಪುತ್ತೀರಾ? ಮೂಲಪತ್ರ ಕೇಳುತ್ತೀರಿ, ಋಣಭಾರ ಪತ್ರ (ಇ.ಸಿ.) ತೆಗೆಸುತ್ತೀರಿ. ಚಿತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ ಇಲ್ಲ. ಯಾರಿಂದ ಯಾರ ಕೈಗೆ ಬಂತು ಅನ್ನುವುದನ್ನು ನಾವೇ ಹುಡುಕಬೇಕು.

ನಾನು ಮೊದಲು ನೋಡುವುದು ಹಿಂಬದಿ. ಕಟ್ಟು (ಫ್ರೇಮ್) ಹಾಕಿದ ಅಂಗಡಿಯ ಚೀಟಿ ಅಲ್ಲಿ ಅಂಟಿರುತ್ತದೆ. ವಿಳಾಸದಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ ಚೀಟಿ ಅಚ್ಚಾಗಿದ್ದು 1973ರ ನವೆಂಬರ್‌ಗೆ ಮುಂಚೆ. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಬೆಲೆಯನ್ನು ಆಣೆಯಲ್ಲಿ ಬರೆದಿದ್ದರೆ ಬಹುಪಾಲು 1957ಕ್ಕಿಂತ ಹಿಂದಿನದು. ಇದರಿಂದ ಚಿತ್ರ ಬರೆದ ಕಾಲ ಗೊತ್ತಾಗುವುದಿಲ್ಲ, ಕಟ್ಟು ಹಾಕಿಸಿದ ಕಾಲವಷ್ಟೇ. ಆದರೂ ಆಗ ಅದು ಯಾವ ಊರಿನಲ್ಲಿತ್ತು ಅನ್ನುವುದಕ್ಕೆ ಒಂದು ಸುಳಿವು ಸಿಕ್ಕಿತಲ್ವಾ? ಹೊಸ ಕಟ್ಟು ಹಾಕಿಸುವಾಗ ಹಳೆಯ ಹಲಗೆಯನ್ನು ಸುಮ್ನೆ ಒಲೆಗೆ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆಮೇಲೆ ಮನೆಯ ಕಾಗದಗಳು. ಪಾರಿಕತ್ತಿನಲ್ಲಿ, ಅಂದರೆ ಆಸ್ತಿ ಪಾಲಿನ ಪತ್ರದಲ್ಲಿ, ಪಾತ್ರೆ, ಒಡವೆಗಳ ಜೊತೆ 'ದೇವರ ಪಟ' ಎಂದು ಬರೆದಿರಬಹುದು. ಯಾವ ಪಟ? ಅಷ್ಟರಿಂದ ತಿಳಿಯದು. ಅದಕ್ಕೇ ಹಳೆಯ ಮದುವೆ ಫೋಟೋ ಕೇಳುತ್ತೇನೆ. ವಧೂವರರ ಹಿಂದಿನ ಗೋಡೆಯಲ್ಲಿ ಚಿತ್ರ ಕಂಡರೆ, ಚಿನ್ನದ ರೇಕು ಎಲ್ಲಿ ಕಿತ್ತಿದೆ, ಕಲೆ ಎಲ್ಲಿದೆ ಎಂದು ಹೋಲಿಸಿ ನೋಡುತ್ತೇನೆ. ಬ್ರಿಟಿಷ್ ಪ್ಲಾಂಟರ್‌ಗಳಿಂದ ಸಾಮಾನು ಸಮೇತ ಕೊಂಡ ಬಂಗಲೆಯಾದರೆ ಕ್ರಯಪತ್ರದ ಜೊತೆ ಸಾಮಾನಿನ ಪಟ್ಟಿ ಇದೆಯೇ ಎಂದು ಹುಡುಕಬೇಕು.

ಜಾಸ್ತಿ ಗೊಂದಲ ರವಿವರ್ಮನ ಹೆಸರಿನಲ್ಲಿ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವರ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರ ಅಚ್ಚಿನ ಚಿತ್ರಗಳು ಮನೆಮನೆಗೆ ಬಂದವು. ಭೂತಗನ್ನಡಿ ಹಿಡಿದರೆ ಅಚ್ಚಿನ ಬಣ್ಣದ ಚುಕ್ಕೆಗಳು ಕಾಣುತ್ತವೆ. ಅಚ್ಚು ಎಂದ ಕೂಡಲೇ ಮನೆಯವರ ಮುಖ ಸಪ್ಪೆಯಾಗುತ್ತದೆ. ಹಾಗಾಗಬೇಕಿಲ್ಲ. ಅಜ್ಜಿ ಅದಕ್ಕೆ ಜರಿ ಅಂಟಿಸಿ ಪೂಜೆ ಮಾಡಿದ್ದೂ ಆ ಚಿತ್ರದ ಚರಿತ್ರೆಯೇ.

ಮಧ್ಯೆ ಕೊಂಡಿ ತಪ್ಪಿದರೆ ಆ ಜಾಗವನ್ನು ಖಾಲಿ ಬಿಡುತ್ತೇನೆ. 'ಮೈಸೂರು ಅರಮನೆಯಿಂದ ಬಂದದ್ದು' ಎಂದು ಮಾರುವವರು ಹೇಳಿದರೂ ಕಾಗದವಿಲ್ಲದೆ ಅದನ್ನು ವರದಿಯಲ್ಲಿ ಬರೆಯುವುದಿಲ್ಲ. ಇನ್ನೊಂದು ವಿಷಯ. ನೂರು ವರ್ಷ ದಾಟಿದ ಚಿತ್ರ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ನೋಂದಾಯಿಸಬೇಕು. ವಿದೇಶದಲ್ಲಿರುವ ಮಗಳಿಗೆಂದು ಸೂಟ್‌ಕೇಸಿನಲ್ಲಿ ಕಳಿಸುವಂತಿಲ್ಲ.

ಈ ಚಿತ್ರ ಎಲ್ಲಿಂದ ಬಂತೆಂದು ಬಲ್ಲ ಅತ್ತೆಯೋ ದೊಡ್ಡಪ್ಪನೋ ಮನೆಯಲ್ಲಿದ್ದರೆ ಇವತ್ತೇ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ತಾರೀಕು ಹಾಕಿ, ಅವರ ಸಹಿ ತೆಗೆದುಕೊಳ್ಳಿ.