ನೂರು ಎಂಬಿ ಪ್ಲಾನ್‌ನಲ್ಲಿ ಹನ್ನೊಂದು ಯಾಕೆ?

"ನೂರು ಎಂಬಿ ಪ್ಲಾನ್ ಹಾಕಿಸೇವಿ, ಡೌನ್‌ಲೋಡ್ ನೋಡಿದ್ರ ಹನ್ನೊಂದರ ಮ್ಯಾಲೆ ಏರವಲ್ದು." ಹುಬ್ಬಳ್ಳಿ–ಧಾರವಾಡದಲ್ಲಿ ಮನೆಗೆ ಫೈಬರ್ ಬಂದ ಬೆನ್ನಿಗೇ ಈ ತಕರಾರೂ ಬರುತ್ತದೆ. ಮುಂದಿನ ಮಾತು ಗೊತ್ತೇ ಇದೆ: ಕಂಪನಿಯವರು ಮೋಸ ಮಾಡುತ್ತಾರೆ. ಬೇರೆಲ್ಲಾದರೂ ಮಾಡುತ್ತಿರಬಹುದು, ಈ ಹನ್ನೊಂದರಲ್ಲಿ ಮಾತ್ರ ಮೋಸವಿಲ್ಲ. ನೂರಕ್ಕೆ ನೂರು ಬಂದಾಗಲೂ ಕಾಣುವುದು ಹನ್ನೊಂದೇ.

ಗೊಂದಲದ ಬೇರು ಇಂಗ್ಲಿಷಿನ ಒಂದೇ ಅಕ್ಷರದಲ್ಲಿದೆ. ಸಣ್ಣ ಬಿ ಎಂದರೆ ಬಿಟ್ (0 ಇಲ್ಲವೇ 1, ಡೇಟಾದ ಅತಿ ಸಣ್ಣ ತುಣುಕು), ದೊಡ್ಡ ಬಿ ಎಂದರೆ ಬೈಟ್. 8 ಬಿಟ್ ಸೇರಿದರೆ 1 ಬೈಟ್. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲವಲ್ಲ, 'ಎಂಬಿ' ಎಂದು ಬರೆದ ಕೂಡಲೇ ಎಂಟು ಪಟ್ಟಿನ ವ್ಯತ್ಯಾಸ ಅಳಿಸಿಹೋಗುತ್ತದೆ. ತಮಾಷೆ ನೋಡಿ: 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ 'ಬೈಟ್' ಎಂಬ ಪದ ಕಟ್ಟಿದಾಗ, ಕಚ್ಚು ಎಂಬರ್ಥದ ಇಂಗ್ಲಿಷ್ ಪದದ ಕಾಗುಣಿತವನ್ನು ಬೇಕೆಂದೇ ಬದಲಿಸಿದ್ದರು, ಬರೆಯುವಾಗ ಕೈತಪ್ಪಿ ಅದು 'ಬಿಟ್' ಆಗಬಾರದೆಂದು! ಆಗ ಬೈಟಿಗೆ ಎಂಟೇ ಬಿಟ್ ಎಂಬ ಕಟ್ಟೂ ಇರಲಿಲ್ಲ. 1964ರಲ್ಲಿ ಅದೇ ಕಂಪನಿಯ ಸಿಸ್ಟಮ್/360 ಕಂಪ್ಯೂಟರ್ ಬಂದ ಮೇಲೆ ಎಂಟು ಗಟ್ಟಿಯಾಯಿತು.

ತಂತಿಯವರು, ಅಂದರೆ ನೆಟ್ ಕೊಡುವವರು, ಬಿಟ್ ಎಣಿಸುತ್ತಾರೆ, ಫೈಲ್ ಇಟ್ಟುಕೊಳ್ಳುವವರು ಬೈಟ್ ಎಣಿಸುತ್ತಾರೆ. 'ಗದಗ' ಎಂದು ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಬರೆದರೆ ಅಕ್ಷರಕ್ಕೆ 3ರಂತೆ 9 ಬೈಟ್. ತಂತಿಗೆ ಅದು 72 ಬಿಟ್. ('ಹುಬ್ಬಳ್ಳಿ' 27 ಬೈಟ್ ತಿನ್ನುತ್ತದೆ. ಕೊಂಬು, ಗುಡಿಸು, ಅರ್ಧಾಕ್ಷರದ ಗುರುತು, ಪ್ರತಿಯೊಂದಕ್ಕೂ ಮೂರು ಮೂರು.) ಪ್ಲಾನಿನ ಅಂಕಿ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬುದು, ಮೆಗಾಬೈಟ್ ಬೇಕಾದರೆ ಅದನ್ನು 8ರಿಂದ ಭಾಗಿಸಿ: 40 ಇದ್ದದ್ದು 5, 100 ಇದ್ದದ್ದು 12.5, 300 ಇದ್ದದ್ದು 37.5. ಹೊತ್ತು ಬೇಕಾದರೆ ಫೈಲನ್ನು 8ರಿಂದ ಗುಣಿಸಿ. 4.5 ಗಿಗಾಬೈಟ್ ಸಿನಿಮಾ ಎಂದರೆ 36,000 ಮೆಗಾಬಿಟ್. 100ರ ವೇಗದಲ್ಲಿ 360 ಸೆಕೆಂಡ್, ಆರು ನಿಮಿಷ.

ಹನ್ನೆರಡೂವರೆ ಹನ್ನೊಂದಾದದ್ದು ಹೇಗೆ? ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೂಗಿದರೆ ಚೀಲದ ತೂಕವೂ ಕಾಟಾದ ಮೇಲೆ ಕೂರುತ್ತದೆ. ಡೇಟಾ ಕೂಡ ಚೀಲದಲ್ಲೇ ಹೋಗುತ್ತದೆ, ಅದರ ಹೆಸರು ಪ್ಯಾಕೆಟ್. ಸಾಮಾನ್ಯ ಈಥರ್ನೆಟ್ ಕೇಬಲ್‌ನಲ್ಲಿ ಒಂದು ತುಂಬಿದ ಪ್ಯಾಕೆಟ್ ಹಿಡಿಯುವ ಜಾಗ 1538 ಬೈಟ್. ಅದರಲ್ಲಿ ನಿಮ್ಮ ಕಾಯಿ 1460 ಮಾತ್ರ. ಉಳಿದ 78 ಚೀಲ, ಹೊಲಿಗೆ, ವಿಳಾಸದ ಚೀಟಿ, ಎರಡು ಚೀಲಗಳ ನಡುವಿನ ಸಂದು. ಹೀಗೆ 100ರಲ್ಲಿ ಕೈಗೆ ಸಿಗುವುದು 94.9 ಮೆಗಾಬಿಟ್, ಅಂದರೆ 11.87 ಮೆಗಾಬೈಟ್.

ಇನ್ನೊಂದು ಕಡಿತ ತೊಲೆಯ ಜಾತಿಯದು. ಹಳೆಯ ತೊಲೆ 11.66 ಗ್ರಾಂ, ಈಗ ಬಂಗಾರದ ಅಂಗಡಿಯಲ್ಲಿ ತೊಲೆ ಎಂದರೆ 10 ಗ್ರಾಂ, ಹೆಸರು ಒಂದೇ. ನೆಟ್‌ವರ್ಕಿನಲ್ಲಿ ಕಿಲೋ ಎಂದರೆ 1000, ವಿಂಡೋಸ್ ಎಣಿಸುವ ಕಿಲೋ 1024. ಕಿಲೋದ ಕಿಲೋ ಆದ ಮೆಗಾಕ್ಕೆ ಬಂದಾಗ ಈ ವ್ಯತ್ಯಾಸ ಶೇ. 4.9, ಟೆರಾಕ್ಕೆ ಸುಮಾರು ಶೇ. 10. ಒಂದು ಟೆರಾಬೈಟ್ ಹಾರ್ಡ್‌ಡಿಸ್ಕ್ 931 ಜಿಬಿ ತೋರಿಸುವುದೂ ಇದಕ್ಕೇ. 1998ರಲ್ಲೇ 1024ರ ಲೆಕ್ಕಕ್ಕೆ ಕಿಬಿ, ಮೆಬಿ ಎಂಬ ಬೇರೆ ಹೆಸರು ಕೊಟ್ಟರು, ಕೇಳಿದವರು ಕಡಿಮೆ. ಆ ಲೆಕ್ಕದಲ್ಲಿ 11.87 ಆಗುವುದು 11.3.

ಈ 11.3ನ್ನು ನೆನಪಿನಲ್ಲಿಡಿ, ರೋಗ ಹಿಡಿಯಲು ಬೇಕಾಗುತ್ತದೆ. ಆಫೀಸಿನಲ್ಲಿ ಎರಡೂ ಕಂಪ್ಯೂಟರು, ನಡುವಿನ ಸ್ವಿಚ್ಚು (ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಎಲ್ಲ ಗಿಗಾಬಿಟ್ಟಿನವು, ಅಂದರೆ 1000 ಮೆಗಾಬಿಟ್ ವೇಗದವು, ಆದರೂ ಫೈಲ್ ಕಾಪಿ 11.3ರ ಹತ್ತಿರ ಅಲ್ಲಾಡದೆ ನಿಂತಿದೆ ಅಂದರೆ ಸಂಪರ್ಕ 1000ದಿಂದ 100ಕ್ಕೆ ಇಳಿದಿದೆ. ಗಿಗಾಬಿಟ್ಟಿಗೆ ಕೇಬಲಿನ ಎಂಟೂ ಎಳೆ ಬೇಕು. 100ಕ್ಕೆ 1, 2, 3, 6ನೇ ಪಿನ್ನಿನ ನಾಲ್ಕೇ ಸಾಕು. ನೀಲಿ ಜೋಡಿಯದೋ ಕಂದು ಜೋಡಿಯದೋ ಒಂದು ಎಳೆ ತುದಿಯ ಕನೆಕ್ಟರಿನಲ್ಲಿ ಸಡಿಲವಾದರೂ ನೆಟ್ ಪೂರ್ತಿ ನಿಲ್ಲುವುದಿಲ್ಲ. ಬಹಳಷ್ಟು ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದು ನಡೆಯುತ್ತವೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ರೂಟರ್ ಬದಲಿಸುವ ಮೊದಲು ಕೇಬಲ್ ಬದಲಿಸಿ ನೋಡಿ, ಇಲ್ಲವೇ ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿ. ದೋಷ ಅಲ್ಲೇ ಇದ್ದರೆ, ಡಿಸ್ಕುಗಳೂ ಚುರುಕಾಗಿದ್ದರೆ, ಅದೇ ಕಾಪಿ 113ರ ಆಸುಪಾಸಿಗೆ ಏರುತ್ತದೆ.